ಬ್ಯಾಗ್ ಮುಚ್ಚಿದ ಮೇಲೆ ಹೆಂಡತಿಗೆ ಏನು ಉಣ್ಣಲು ಕೊಡಬೇಕು? ರಾತ್ರಿ ನಾನೂ ಏಳಬೇಕಾ?

ಕಿರಾಣಿ ಅಂಗಡಿ, ಬಾಗಲಕೋಟೆ

ಎಲ್ಲರಿಗೂ ನಮಸ್ಕಾರ್ರಿ. ನಮ್ಮದು ನವನಗರದಲ್ಲಿ ಸಣ್ಣ ಕಿರಾಣಿ ಅಂಗಡಿ. ಹೆಂಡತಿ ಶಾಲೆಯಲ್ಲಿ ಟೀಚರ್. ಅವಳಿಗೆ ಬಹಳ ವರ್ಷದಿಂದ ಅಲ್ಸರೇಟಿವ್ ಕೊಲೈಟಿಸ್, ಅಂದರೆ ದೊಡ್ಡ ಕರುಳಿನ ಒಳಗೆಲ್ಲ ಹುಣ್ಣಾಗುವ ಕಾಯಿಲೆ ಇತ್ತು. ಮಾತ್ರೆ ಆಯಿತು, ಸ್ಟೀರಾಯ್ಡ್ ಆಯಿತು, ದುಬಾರಿ ಇಂಜೆಕ್ಷನ್ನೂ ಆಯಿತು. ರಕ್ತ ಹೋಗುವುದು ನಿಲ್ಲಲಿಲ್ಲ. ಕೊನೆಗೆ ದೊಡ್ಡ ಕರುಳು ಪೂರ್ತಿ ತೆಗೆದರು. ಸಣ್ಣ ಕರುಳಿನ ತುದಿಯನ್ನೇ ಮಡಚಿ, ಹೊಲಿದು, ಒಂದು ಚೀಲ ಮಾಡಿ ಕೆಳಗೆ ಜೋಡಿಸಿದ್ದಾರೆ. ಜೆ-ಪೌಚ್ ಅಂತಾರಲ್ಲ, ಅದು. ಅದು ಮಾಯುವ ತನಕ ಹೊಟ್ಟೆಯ ಮೇಲೆ ತೂತು ಮಾಡಿ, ಮಲ ತುಂಬಿಕೊಳ್ಳಲು ಬ್ಯಾಗ್ ಅಂಟಿಸಿದ್ದರು. ಹೋದ ತಿಂಗಳು ಆ ತೂತನ್ನೂ ಮುಚ್ಚಿ ಮನೆಗೆ ಕಳಿಸಿದರು.

ಈಗ ದಿನಕ್ಕೆ ಹತ್ತು ಹನ್ನೆರಡು ಸಲ ಹೋಗುತ್ತಾಳೆ. ಬರೀ ನೀರು. ಉರಿಗೆ ಕೂರಲಿಕ್ಕೂ ಆಗುವುದಿಲ್ಲ. ಸಂಡಾಸ ಹಿತ್ತಲ ಬಾಗಿಲ ಆಚೆ ಇದೆ. ರಾತ್ರಿ ಅವಳು ಎದ್ದಾಗೆಲ್ಲ ನಾನೂ ಎದ್ದು ಲೈಟ್ ಹಾಕಿ ನಿಲ್ಲುತ್ತೇನೆ. 'ನೀವು ಮಲಗ್ರಿ, ನಾ ಏನ್ ಸಣ್ಣ ಹುಡುಗಿ ಏನ್ರಿ' ಅಂತ ಸಿಟ್ಟಾಗುತ್ತಾಳೆ. ಎಷ್ಟು ಗಂಟೆಗೆ ಹೋದಳು, ಏನು ತಿಂದಿದ್ದಳು ಅಂತ ಅಂಗಡಿಯ ಉದ್ರಿ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಬರೆದಿಡುತ್ತಿದ್ದೇನೆ. ಅದಕ್ಕೂ ಸಿಟ್ಟು.

ಡಿಸ್ಚಾರ್ಜ್ ಚೀಟಿಯಲ್ಲಿ 'ಮೆತ್ತನೆಯ ಆಹಾರ' ಅಂತ ಒಂದೇ ಸಾಲು ಇದೆ. ನಮ್ಮವ್ವ 'ರೊಟ್ಟಿ ತಿನ್ನದ ಮೈಯಾಗ ಶಕ್ತಿ ಎಲ್ಲಿಂದ ಬರತೈತಿ' ಅಂತ ದಿನಾ ಕೇಳುತ್ತಾಳೆ. ಅನುಭವ ಇದ್ದವರು ಹೇಳಿ. ಇದು ಹೀಗೇ ಇರುತ್ತದಾ? ಏನು ಕೊಡಲಿ?

ಗುಮ್ಮಟದೂರಿನ ಅಕ್ಕ, ವಿಜಯಪುರ

ತಮ್ಮಾ, ಮೊದಲು ಒಂದು ಮಾತು. ಹೀಗೇ ಇರುವುದಿಲ್ಲ. ನಮ್ಮ ಮನೆಯವರಿಗೂ ಇದೇ ಆಪರೇಷನ್ ಆಗಿ ಕೆಲವು ವರ್ಷ ಆಯಿತು. ಬ್ಯಾಗ್ ಮುಚ್ಚಿದ ಮೊದಲ ವಾರಗಳಲ್ಲಿ ಹತ್ತು ಹದಿನೈದು ಸಲ ಹೋಗುವುದು ಎಲ್ಲರಿಗೂ ಆಗುವ ಮಾತೇ. ಹೊಸ ಚೀಲ ಸಣ್ಣದಿರುತ್ತದೆ, ಬಿಗಿಯಾಗಿರುತ್ತದೆ. ಅಥಣಿ ಚಪ್ಪಲಿ ಹಾಗೆ, ಮೆಟ್ಟಿ ಮೆಟ್ಟಿಯೇ ಸಡಿಲ ಆಗಬೇಕು. ಆರು ತಿಂಗಳಿಂದ ಒಂದು ವರ್ಷದೊಳಗೆ ಹೆಚ್ಚಿನವರಿಗೆ ಹಗಲು ರಾತ್ರಿ ಸೇರಿ ನಾಲ್ಕರಿಂದ ಎಂಟು ಸಲಕ್ಕೆ ಬಂದು ನಿಲ್ಲುತ್ತದೆ. ಆದರೆ ದಿನಕ್ಕೆ ಒಂದೇ ಸಲ ಅನ್ನುವ ಕಾಲ ಮತ್ತೆ ಬರುವುದಿಲ್ಲ. ಅದನ್ನು ಈಗಲೇ ಇಬ್ಬರೂ ಒಪ್ಪಿಕೊಂಡರೆ ಮುಂದೆ ಹಗುರ.

ಊಟದ ಚಿಂತೆ ಆಮೇಲೆ. ಮೊದಲು ಉಪ್ಪು ಮತ್ತು ನೀರು ನೋಡಿ. ದೊಡ್ಡ ಕರುಳಿನ ದೊಡ್ಡ ಕೆಲಸವೇ ದಿನಕ್ಕೆ ಒಂದು, ಒಂದೂವರೆ ಲೀಟರ್ ನೀರು, ಅದರ ಜೊತೆಗೆ ಉಪ್ಪು ಹೀರುವುದು. ಈಗ ಅದು ಇಲ್ಲ. ಸುಮ್ನೆ ಕೊಡಗಟ್ಟಲೆ ಬರೀ ನೀರು ಕುಡಿಸಿದರೆ ಮೈಯಲ್ಲಿದ್ದ ಉಪ್ಪನ್ನೂ ಎಳೆದುಕೊಂಡು ಹೊರಗೆ ಹೋಗುತ್ತದೆ. ಸುಸ್ತು ಇನ್ನೂ ಜಾಸ್ತಿ. ನಮ್ಮ ಕಡೆ ಬಿಸಿಲು ನಲವತ್ತು ಡಿಗ್ರಿ ದಾಟುತ್ತದಲ್ಲ, ಆಗ ಮನೆಯವರು ಮೀನಖಂಡ ಹಿಡಿದುಕೊಂಡು ರಾತ್ರಿ ಕೂಗುತ್ತಿದ್ದರು. ಅದು ಉಪ್ಪು ಕಡಿಮೆಯಾದ ಲಕ್ಷಣ ಅಂತ ಡಾಕ್ಟರ್ ಹೇಳಿದರು.

ಓಆರ್‌ಎಸ್ ಪುಡಿ ತಂದಿಡಿ. ನಿಮ್ಮ ಅಂಗಡಿಯಲ್ಲೇ ಇರಬಹುದು, ಆದರೆ ಪೊಟ್ಟಣ ಓದಿ. ಡಬ್ಲ್ಯುಎಚ್‌ಒ (ವಿಶ್ವ ಆರೋಗ್ಯ ಸಂಸ್ಥೆ) ಫಾರ್ಮುಲಾ ಅಂತ ಬರೆದಿರಬೇಕು. ದೊಡ್ಡ ಪೊಟ್ಟಣ ಒಂದು ಲೀಟರ್‌ಗೆ, ಸಣ್ಣದು 200 ಮಿಲಿಗೆ. ಅರ್ಧ ಪೊಟ್ಟಣ ಒಂದು ಲೋಟಕ್ಕೆ ಅಂತ ಅಂದಾಜಿನಲ್ಲಿ ಹಾಕಬೇಡಿ. ಹಣ್ಣಿನ ರುಚಿಯ ಡಬ್ಬಿ ಪಾನಕ ಬೇಡವೇ ಬೇಡ. ಅದರಲ್ಲಿ ಸಕ್ಕರೆ ಜಾಸ್ತಿ, ಉಪ್ಪು ಕಡಿಮೆ. ಅಂಥವುಗಳ ಮೇಲೆ ಓಆರ್‌ಎಸ್ ಅಂತ ಬರೆಯಬಾರದು ಅಂತ 2025ರ ಅಕ್ಟೋಬರ್‌ನಲ್ಲಿ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಆದೇಶವನ್ನೇ ಮಾಡಿದೆ. ಪುಡಿ ಸಿಗದ ದಿನ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಆರು ಸಮ ಚಮಚ ಸಕ್ಕರೆ, ಅರ್ಧ ಸಮ ಚಮಚ ಉಪ್ಪು. ಚಹಾದ ಚಮಚ, ಗೋಪುರ ಮಾಡಬೇಡಿ. ದಿನದ ಮಟ್ಟಿಗೆ ಉಪ್ಪು ಹಾಕಿದ ತೆಳು ಮಜ್ಜಿಗೆಯೂ ಒಳ್ಳೆಯದೇ.

ಉಚ್ಚೆಯ ಬಣ್ಣ ನೋಡಿಕೊಳ್ಳಲು ಅವರಿಗೇ ಹೇಳಿ. ತಿಳಿ ಹಳದಿ ಇದ್ದರೆ ಸರಿ. ಗಾಢವಾಗಿ, ಸ್ವಲ್ಪವೇ ಹೋಗುತ್ತಿದ್ದರೆ, ಎದ್ದು ನಿಂತಾಗ ತಲೆ ಗಿರ್ ಅಂದರೆ, ಕಾಯಬೇಡಿ. ಹತ್ತಿರದ ಆಸ್ಪತ್ರೆಗೆ ಹೋಗಿ ಸಲೈನ್ ಹಾಕಿಸಿ.

ಇಂಡಿ ಲಿಂಬೆ

ಅಣ್ಣಾ, ಇಷ್ಟಕ್ಕೆಲ್ಲ ಹೆದರಬೇಡಿ. ನಮ್ಮ ಅಜ್ಜಿ ದಾಳಿಂಬೆ ಸಿಪ್ಪೆ ಕುದಿಸಿ ಕಷಾಯ ಕೊಡುತ್ತಿದ್ದಳು. ಎರಡು ಹೊತ್ತಿಗೆ ಭೇದಿ ಬಂದ್. ಜೊತೆಗೆ ಲಿಂಬೆಹಣ್ಣಿನ ಶರಬತ್ತು. ಕರುಳು ತನ್ನಷ್ಟಕ್ಕೆ ಸರಿಹೋಗುತ್ತದೆ.

ಸರ್ಜಿಕಲ್ ವಾರ್ಡ್ ಸಿಸ್ಟರ್, ಬೆಳಗಾವಿ

ಇಂಡಿಯವರೇ, ಪ್ರೀತಿಯಿಂದಲೇ ಹೇಳಿದ್ದೀರಿ, ಆದರೆ ಇದು ಭೇದಿ ಅಲ್ಲ. ಭೇದಿ ಒಂದು ರೋಗ, ನಿಲ್ಲುತ್ತದೆ. ಇವರಿಗೆ ದೊಡ್ಡ ಕರುಳೇ ಇಲ್ಲ. ತೆಳ್ಳಗೆ ಹೋಗುವುದು ಈ ಹೊಸ ವ್ಯವಸ್ಥೆಯ ಸ್ವಭಾವ. ಅದನ್ನು ದಿಢೀರ್ ಅಂತ ಬಂದ್ ಮಾಡಲು ಹೊರಟರೆ ಅಪಾಯ. ಜೋಡಿಸಿದ ಜಾಗ ಬಿಗಿಯಾಗಿದ್ದರೆ, ಅಥವಾ ಒಳಗೆ ಕರುಳು ಅಂಟಿಕೊಂಡಿದ್ದರೆ, ಹೊಟ್ಟೆ ಕಟ್ಟುತ್ತದೆ. ಶರಬತ್ತಿನ ಸಕ್ಕರೆ ಇದ್ದ ನೀರನ್ನೂ ಒಳಗೆ ಎಳೆದು ಇನ್ನೂ ತೆಳ್ಳಗೆ ಮಾಡುತ್ತದೆ. ಕಬ್ಬಿನ ಹಾಲೂ ಅಷ್ಟೇ. ನಮ್ಮ ಜಿಲ್ಲೆಗಳಲ್ಲಿ ಗಾಣ ಕಂಡಲ್ಲೆಲ್ಲ ಒಂದು ಲೋಟ ಕುಡಿಸುತ್ತಾರೆ ನೋಡಿ, ಅದು ಸದ್ಯ ಬೇಡ. ಎಳನೀರಿನಲ್ಲಿ ಪೊಟ್ಯಾಶಿಯಂ ಜಾಸ್ತಿ, ಸೋಡಿಯಂ ಕಡಿಮೆ. ರುಚಿಗೆ ಕುಡಿಯಲಿ, ಓಆರ್‌ಎಸ್ ಬದಲಿಗೆ ಅಲ್ಲ.

ಕಿರಾಣಿಯವರೇ, ಇದನ್ನು ಮಾತ್ರ ಗೋಡೆಗೆ ಅಂಟಿಸಿಡಿ. ಇಷ್ಟು ಸಲ ಹೋಗುತ್ತಿದ್ದವರು ಒಮ್ಮೆಲೇ ಹೋಗುವುದು ನಿಂತರೆ, ಗಾಳಿಯೂ ಹೋಗದಿದ್ದರೆ, ಹೊಟ್ಟೆ ಉಬ್ಬಿ ಬಿಟ್ಟು ಬಿಟ್ಟು ನುಲಿದರೆ, ವಾಂತಿಯಾದರೆ, ಅದು ಕರುಳು ಕಟ್ಟಿದ ಲಕ್ಷಣ. ಆಗ ಲೊಪೆರಮೈಡ್ (ಕರುಳಿನ ಓಟ ನಿಧಾನ ಮಾಡುವ ಮಾತ್ರೆ), ಇಸಬಗೋಲ್, ಕಷಾಯ ಏನೂ ಕೊಡಬೇಡಿ. ಊಟವೂ ಬೇಡ. ಬೆಳಗಾಗಲಿ ಅಂತ ಕಾಯದೆ ಹೊರಡಿ. ಚಳಿಜ್ವರ ಬಂದರೂ ಅಷ್ಟೇ.

ಲೊಪೆರಮೈಡ್ ಬರೆದುಕೊಟ್ಟಿದ್ದಾರಾ? 2 ಮಿಲಿಗ್ರಾಂ ಮಾತ್ರೆ. ಊಟಕ್ಕೆ ಅರ್ಧ ಗಂಟೆ ಮೊದಲು ತಗೊಂಡರೆ ಕೆಲಸ ಮಾಡುತ್ತದೆ, ಉಂಡ ಮೇಲೆ ನುಂಗಿದರೆ ಅಷ್ಟಾಗಿ ಉಪಯೋಗವಿಲ್ಲ. ದಿನಕ್ಕೆ ಎಷ್ಟು ಅಂತ ನಿಮ್ಮ ಸರ್ಜನ್ ಹೇಳಬೇಕು. ಮೈಕೈ ನೋವಿಗೆ ಅಂಗಡಿಯಲ್ಲಿ ಸಿಗುವ ಐಬುಪ್ರೊಫೇನ್, ಡೈಕ್ಲೊಫೆನಾಕ್ ಕೊಡಬೇಡಿ. ಪೌಚಿಗೆ ಅವು ಒಳ್ಳೆಯವಲ್ಲ. ಪ್ಯಾರಾಸಿಟಮಾಲ್ ಸಾಕು.

ಉರಿಯ ಬಗ್ಗೆ. ಸಣ್ಣ ಕರುಳಿನಿಂದ ಬರುವುದರಲ್ಲಿ ಪಿತ್ತರಸ ಇರುತ್ತದೆ, ಜೀರ್ಣರಸಗಳು ಇರುತ್ತವೆ. ಅವು ಚರ್ಮವನ್ನೇ ತಿನ್ನುತ್ತವೆ. ಕಾಗದದಿಂದ ಒರೆಸುವುದು ಬೇಡ, ಸೋಪು ಬೇಡ, ಡೆಟಾಲ್ ಅಂತೂ ಬೇಡವೇ ಬೇಡ. ಉಗುರುಬೆಚ್ಚಗಿನ ನೀರು, ಆಮೇಲೆ ಹಳೆಯ ಮೆತ್ತನೆಯ ಹತ್ತಿ ಬಟ್ಟೆಯಿಂದ ಒತ್ತಿ ಒತ್ತಿ ಒಣಗಿಸುವುದು. ಉಜ್ಜಬಾರದು. ಪೂರ್ತಿ ಒಣಗಿದ ಮೇಲೆ ಜಿಂಕ್ ಆಕ್ಸೈಡ್ ಇರುವ ಕ್ರೀಮು ದಪ್ಪಗೆ ಹಚ್ಚಬೇಕು. ಒದ್ದೆ ಚರ್ಮದ ಮೇಲೆ ಹಚ್ಚಿದರೆ ನಿಲ್ಲುವುದಿಲ್ಲ. ಮುಂದಿನ ಸಲ ಹೋದಾಗ ಅದನ್ನು ಪೂರ್ತಿ ಕೆರೆದು ತೆಗೆಯಬೇಕಿಲ್ಲ, ಮೇಲಿನದ್ದು ತೊಳೆದು ಮತ್ತೆ ಹಚ್ಚಿದರೆ ಸಾಕು. ಚರ್ಮ ಹುಣ್ಣಾಗುವ ತನಕ ಕಾಯದೆ ಮೊದಲ ದಿನದಿಂದಲೇ ಹಚ್ಚುವುದು ಜಾಣತನ.

ಟಿಳಕವಾಡಿ ಹುಡುಗ

ನಾನು ನೋಡಿಕೊಳ್ಳುವ ಮನೆಯವನಲ್ಲ, ಪೌಚ್ ಇರುವವನೇ. ಹಾಗಾಗಿ ನಿಮ್ಮ ಮನೆಯ ಅಕ್ಕಾವರ ಕಡೆಯಿಂದ ಎರಡು ಮಾತು.

ಅಣ್ಣಾ, ಸಂಡಾಸದಿಂದ ಹೊರಗೆ ಬಂದ ಕೂಡಲೇ ಬಾಗಿಲಲ್ಲಿ ಒಬ್ಬರು ನಿಂತು 'ಹೆಂಗಾತು?' ಅಂತ ಕೇಳಿದರೆ ಹೇಗಿರುತ್ತದೆ ಯೋಚಿಸಿ. ದಿನಕ್ಕೆ ಹನ್ನೆರಡು ಸಲ! ಹೊಟ್ಟೆ ಉರಿಯುತ್ತಿರುತ್ತದೆ, ನಾಚಿಕೆ ಬೇರೆ. ನನ್ನ ಹೆಂಡತಿ ಒಳ್ಳೆಯ ಮನಸ್ಸಿನಿಂದಲೇ ಕೇಳುತ್ತಿದ್ದಳು. ನಾನು ಕಡೆಕಡೆಗೆ ಅವಳು ಮಲಗಿದ ಮೇಲೆ ಕಳ್ಳನ ಹಾಗೆ ಎದ್ದು ಹೋಗುತ್ತಿದ್ದೆ.

ಬರೆದಿಡುವುದು ತಪ್ಪಲ್ಲ. ಯಾವ ಊಟಕ್ಕೆ ಏನಾಗುತ್ತದೆ ಅಂತ ಗೊತ್ತಾಗುವುದು ಅದರಿಂದಲೇ. ಆದರೆ ಆ ಪುಸ್ತಕ ಅಕ್ಕಾವರ ಕೈಯಲ್ಲಿರಬೇಕು. ಅವರು ಬರೆಯಲಿ, ತೋರಿಸಬೇಕು ಅನಿಸಿದಾಗ ತೋರಿಸಲಿ. ಉದ್ರಿ ಪುಸ್ತಕದಲ್ಲಂತೂ ಬೇಡ ಮಾರಾಯ್ರೆ, ಅಂಗಡಿಗೆ ಬಂದವರೆಲ್ಲ ಹಾಳೆ ತಿರುವುತ್ತಾರೆ.

ನೀವು ಮಾಡಬಹುದಾದ ಕೆಲಸ ಬೇರೆ ಇದೆ. ಹಿತ್ತಲ ದಾರಿಯಲ್ಲಿ ರಾತ್ರಿಯಿಡೀ ಉರಿಯುವ ಒಂದು ಸಣ್ಣ ಬಲ್ಬ್. ಸಂಡಾಸದೊಳಗೆ ಸ್ಪ್ರೇ ನಳ, ಇಲ್ಲದಿದ್ದರೆ ತುಂಬಿದ ಬಕೆಟ್, ತಂಬಿಗೆ. ಕೂರಲು ಕಮೋಡ್ ಇಲ್ಲದಿದ್ದರೆ ಕಮೋಡ್ ಕುರ್ಚಿ ಬಾಡಿಗೆಗೂ ಸಿಗುತ್ತದೆ. ಗೋಡೆಯಲ್ಲಿ ಒಂದು ಗೂಡು ಮಾಡಿ ಕ್ರೀಮು, ಬಟ್ಟೆ, ಪ್ಯಾಡ್ ಇಡಿ. ಹಾಸಿಗೆಯ ಮೇಲೆ ಮಕ್ಕಳಿಗೆ ಹಾಸುವ ರಬ್ಬರ್ ಶೀಟ್, ಅದರ ಮೇಲೆ ಹತ್ತಿ ಬಟ್ಟೆ. ನಿದ್ದೆಯಲ್ಲಿ ಸ್ವಲ್ಪ ಸೋರುವುದು ಆರಂಭದಲ್ಲಿ ಇರುತ್ತದೆ. ಆದಾಗ ಮಾತಿಲ್ಲದೆ ಚಾದರ ಬದಲಿಸಿ ಮಲಗಿ. ಇಷ್ಟು ಮಾಡಿ ನೀವು ನಿದ್ದೆ ಮಾಡಿ. ತಲೆಸುತ್ತು ಬರುವಂತಿದ್ದರೆ ಮಾತ್ರ ಕರಿ ಅಂತ ಹೇಳಿಡಿ. ಅಂಗಡಿ ನಡೆಸುವವರು ನೀವೂ ಮಲಗದಿದ್ದರೆ ಮನೆಯಲ್ಲಿ ಇಬ್ಬರು ರೋಗಿಗಳು.

ಕಿರಾಣಿ ಅಂಗಡಿ, ಬಾಗಲಕೋಟೆ

ಪುಸ್ತಕದ ಮಾತು ಹೆಂಡತಿಗೆ ಓದಿ ಹೇಳಿದೆ. ನಕ್ಕಳು. ಬಹಳ ದಿನದ ಮೇಲೆ ನಕ್ಕಿದ್ದು. ಆ ಹಾಳೆಗಳನ್ನು ಹರಿದು ಅವಳೇ ಇಟ್ಟುಕೊಂಡಿದ್ದಾಳೆ.

ಈಗ ಊಟದ ಮಾತು ಹೇಳಿ. ರೊಟ್ಟಿ ಕೊಡಬಹುದಾ ಇಲ್ಲವಾ? ಅವ್ವನ ಎದುರು ನನಗೆ ಉತ್ತರ ಬೇಕು. ಮತ್ತೆ, ಇಸಬಗೋಲ್ ಮಲಬದ್ಧತೆಗೆ ಅಲ್ವಾ? ಇದಕ್ಕೂ ಕೊಡುತ್ತಾರೆ ಅಂತ ಒಬ್ಬರು ಹೇಳಿದರು.

ಜಮಖಂಡಿ ಸೊಸೆ

ಅಣ್ಣಾ, ನನಗೂ ಆಗಿದೆ. ಅತ್ತೆ, ರೊಟ್ಟಿ, ಎಲ್ಲ ದಾಟಿ ಬಂದಿದ್ದೇನೆ.

ಮೊದಲ ವಾರಗಳಲ್ಲಿ ರೊಟ್ಟಿ ಬೇಡ. ಜೋಳದಲ್ಲಿ ನಾರು ಜಾಸ್ತಿ, ಸಜ್ಜೆಯಲ್ಲಿ ಇನ್ನೂ ಜಾಸ್ತಿ. ಚೆನ್ನಾಗಿ ಬೆಂದು ಮೆತ್ತಗಾದ ಬಿಳಿ ಅನ್ನ, ಮೊಸರು, ತೊಗರಿಬೇಳೆಯ ಕಟ್ಟು, ಬೇಯಿಸಿ ಹಿಸುಕಿದ ಆಲೂಗಡ್ಡೆ, ಪೂರ್ತಿ ಹಣ್ಣಾದ ಬಾಳೆಹಣ್ಣು, ಸಾಬೂದಾನಿ ಗಂಜಿ. ಇವು ಗಟ್ಟಿ ಮಾಡುತ್ತವೆ. ಮೊಟ್ಟೆ ತಿನ್ನುವವರಾದರೆ ಬೇಯಿಸಿದ ಮೊಟ್ಟೆ ಬಹಳ ಒಳ್ಳೆಯದು, ಗಾಯ ಮಾಯಲು ಪ್ರೋಟೀನ್ ಬೇಕಲ್ಲ. ದಿನಕ್ಕೆ ಮೂರು ದೊಡ್ಡ ಊಟದ ಬದಲು ಐದಾರು ಸಣ್ಣ ಊಟ. ಉಣ್ಣುವಾಗ ನೀರು ಜಾಸ್ತಿ ಕುಡಿಯದೆ ಅರ್ಧ ಗಂಟೆ ಬಿಟ್ಟು ಕುಡಿದರೆ ಊಟ ಬೇಗ ಜಾರುವುದಿಲ್ಲ. ರಾತ್ರಿ ಊಟ ಏಳರೊಳಗೆ ಮುಗಿಸಿದರೆ ನಿದ್ದೆ ಸಿಗುತ್ತದೆ.

ರೊಟ್ಟಿಗೆ ನಾನು ಎರಡು ತಿಂಗಳು ಬಿಟ್ಟೆ. ಆಮೇಲೆ ಅತ್ತೆಯೇ ಹಿಟ್ಟನ್ನು ಸಣ್ಣ ಜರಡಿಯಲ್ಲಿ ಎರಡು ಸಲ ಸೋಸಿ, ತೆಳ್ಳಗೆ ಬಡಿದು, ಬಿಸಿಬಿಸಿ ಇರುವಾಗಲೇ ಬೇಳೆಕಟ್ಟಿನಲ್ಲಿ ಮುರಿದು ನೆನೆಸಿ ಕೊಟ್ಟರು. ಮೊದಲ ದಿನ ಕಾಲು ರೊಟ್ಟಿ. ಏನೂ ಆಗಲಿಲ್ಲ. ಕಟಿ ರೊಟ್ಟಿ ಮಾತ್ರ ಈಗಲೂ ತಿನ್ನುವುದಿಲ್ಲ. ನಿಮ್ಮವ್ವನಿಗೆ 'ಬ್ಯಾಡ' ಅನ್ನಬೇಡಿ, 'ಈಗ ಬ್ಯಾಡ, ಮುಂದ ನೀನ ಮಾಡಿಕೊಡು' ಅನ್ನಿ. ಆ ಕೆಲಸ ಅವರಿಗೆ ಒಪ್ಪಿಸಿ.

ಹುಷಾರಾಗಿರಬೇಕಾದದ್ದು ರೊಟ್ಟಿಗಿಂತ ರೊಟ್ಟಿಯ ಪಕ್ಕದಲ್ಲಿ ಇಡುವುದು. ಹಸಿ ಮೂಲಂಗಿ, ಹಸಿ ಸೌತೆ, ಮೆಂತ್ಯ ಸೊಪ್ಪಿನ ಪಚಡಿ, ಹಕ್ಕರಿಕಿ. ಎಣಗಾಯಿಯ ಸಿಪ್ಪೆ, ಬೀಜ. ಅಗಸಿ ಚಟ್ನಿ, ಗುರೆಳ್ಳು ಚಟ್ನಿ. ಗೋವಿನಜೋಳದ ತೆನೆ, ಒಣಕೊಬ್ಬರಿ, ಒಣದ್ರಾಕ್ಷಿ, ಇಡೀ ಶೇಂಗಾ. ಇವು ಅರಗದೆ ಗಡ್ಡೆಯಾಗಿ ಸಿಕ್ಕಿಹಾಕಿಕೊಳ್ಳುತ್ತವೆ. ಕೆಂಪು ಖಾರದ ಕತೆ ಬೇರೆ, ಅದು ಒಳಗೆ ಹೋಗುವಾಗ ಎಷ್ಟು ಉರಿಯುತ್ತದೋ ಹೊರಗೆ ಬರುವಾಗ ಅದರ ದುಪ್ಪಟ್ಟು. ಚಹಾ ಕಡಿಮೆ ಮಾಡಿ. ಹೊಸದನ್ನು ಒಂದು ದಿನಕ್ಕೆ ಒಂದೇ ಕೊಡಿ, ಸ್ವಲ್ಪವೇ ಕೊಡಿ, ನುಣ್ಣಗಾಗುವ ತನಕ ಅಗಿಯಲು ಹೇಳಿ. ಒಬ್ಬರಿಗೆ ಆಗದ್ದು ಇನ್ನೊಬ್ಬರಿಗೆ ಆಗುತ್ತದೆ. ನನಗೆ ಹಾಲು ಆಗುವುದಿಲ್ಲ, ಮೊಸರು ಆಗುತ್ತದೆ. ನಿಮ್ಮ ಮನೆಯಲ್ಲಿ ಬೇರೆ ಇರಬಹುದು.

ಸರ್ಜಿಕಲ್ ವಾರ್ಡ್ ಸಿಸ್ಟರ್, ಬೆಳಗಾವಿ

ಇಸಬಗೋಲ್ ಎರಡಕ್ಕೂ ಹೌದು. ಮಲಬದ್ಧತೆಗೆ ಕೊಡುವಾಗ ಜಾಸ್ತಿ ನೀರಿನ ಜೊತೆ ಕೊಡುತ್ತಾರೆ. ಪೌಚ್ ಇದ್ದವರಿಗೆ ಅದು ಒಳಗಿನ ನೀರು ಹೀರಿ ಲೋಳೆ ಕಟ್ಟಿ ಗಟ್ಟಿ ಮಾಡಲಿ ಅಂತ. ಆದರೆ ಜೋಡಿಸಿದ ಜಾಗ ಬಿಗಿಯಾಗಿಲ್ಲ ಅಂತ ಸರ್ಜನ್ ಬೆರಳು ಹಾಕಿ ನೋಡಿದ ಮೇಲೆಯೇ. ಎಷ್ಟು, ಎಷ್ಟು ನೀರಿನಲ್ಲಿ ಅಂತಲೂ ಅವರನ್ನೇ ಕೇಳಿ. ಮುಕ್ಕಿರಿದರೂ ಸಣ್ಣಗೆ ದಾರದ ಹಾಗೆ ಬರುತ್ತಿದ್ದರೆ ಆ ಬಿಗಿಯ ಲಕ್ಷಣ. ಹಿಗ್ಗಿಸುವ ಉಪಾಯ ಇದೆ, ತಿಳಿಸಿ ಅಷ್ಟೇ.

ಇನ್ನೊಂದು. ಮುಂದೆ ಎಲ್ಲ ಸರಿ ನಡೆಯುತ್ತಿರುವಾಗ ಒಮ್ಮೆಲೇ ಸಲ ಜಾಸ್ತಿಯಾಗಿ, ಅವಸರ, ಹೊಟ್ಟೆನೋವು, ಸಣ್ಣ ಜ್ವರ ಬಂದರೆ ಅದು ಪೌಚೈಟಿಸ್, ಅಂದರೆ ಚೀಲದ ಉರಿಯೂತ ಇರಬಹುದು. ಕೊಲೈಟಿಸ್‌ಗೆ ಆಪರೇಷನ್ ಆದವರಲ್ಲಿ ಹತ್ತು ವರ್ಷದೊಳಗೆ ಹೆಚ್ಚು ಕಡಿಮೆ ಅರ್ಧ ಜನಕ್ಕೆ ಒಮ್ಮೆಯಾದರೂ ಬರುತ್ತದೆ. ಸಾಮಾನ್ಯವಾಗಿ ಸಿಪ್ರೊಫ್ಲೊಕ್ಸಾಸಿನ್ ಅಥವಾ ಮೆಟ್ರೊನಿಡಜೋಲ್ ಅನ್ನುವ ಆಂಟಿಬಯಾಟಿಕ್ ಎರಡು ವಾರ ಕೊಟ್ಟರೆ ಹೋಗುತ್ತದೆ. ಹಾಗಂತ ಹಳೆಯ ಚೀಟಿ ತೋರಿಸಿ ನೀವೇ ತರಬೇಡಿ. ವರ್ಷಕ್ಕೊಮ್ಮೆ ಬಿ12, ಕಬ್ಬಿಣಾಂಶ ನೋಡಿಸಿ. ಬಿ12 ಹೀರುವ ಜಾಗವೇ ಸಣ್ಣ ಕರುಳಿನ ಕೊನೆ, ಅಲ್ಲೇ ಈಗ ಚೀಲ ಕೂತಿದೆ.

ಇಂಡಿ ಲಿಂಬೆ

ಸಿಸ್ಟರ್, ಕಷಾಯದ ಮಾತು ವಾಪಸ್. ಆದರೆ ಒಂದು ಕೇಳುತ್ತೇನೆ. ಇದು ಹೊಸ ಪ್ರಯೋಗ ಅಲ್ವಾ? ಕರುಳಿನಲ್ಲೇ ಚೀಲ ಹೊಲಿಯುವುದು ಎಷ್ಟು ವರ್ಷ ಬಾಳಿಕೆ ಬರುತ್ತದೆ?

ಟಿಳಕವಾಡಿ ಹುಡುಗ

ಹೊಸದಲ್ಲರೀ. ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆಯ ಪಾರ್ಕ್ಸ್ ಮತ್ತು ನಿಕಲ್ಸ್ 1978ರಲ್ಲಿ ಇದರ ಬಗ್ಗೆ ಬರೆದರು. ಅವರದ್ದು ಎಸ್ ಆಕಾರದ ಚೀಲ. ಜಪಾನಿನ ಉಟ್ಸುನೊಮಿಯಾ 1980ರಲ್ಲಿ ಜೆ ಆಕಾರ ತೋರಿಸಿಕೊಟ್ಟರು. ಹೊಲಿಯುವುದು ಸುಲಭ ಅಂತ ಅದೇ ನಿಂತಿತು. ಹತ್ತಿಪ್ಪತ್ತು ವರ್ಷ ಪೌಚ್ ಇಟ್ಟುಕೊಂಡು ಕೆಲಸ ಮಾಡುವವರು ಬೇಕಾದಷ್ಟು ಇದ್ದಾರೆ. ಕೆಲವರಿಗೆ ಕೂಡುವುದಿಲ್ಲ, ಮತ್ತೆ ಬ್ಯಾಗಿಗೆ ಹೋಗುತ್ತಾರೆ. ಅದೂ ಜೀವನವೇ.

ಜಮಖಂಡಿ ಸೊಸೆ

ಅಣ್ಣಾ, ಇದನ್ನು ಅಕ್ಕಾವರಿಗೆ ತೋರಿಸಿ. ಅಕ್ಕಾ, ಸೀರೆ ಉಡುವುದಾದರೆ ಲಂಗದ ಲಾಡಿ ಗಾಯದ ಮೇಲೆ ಬಾರದ ಹಾಗೆ ಸ್ವಲ್ಪ ದಿನ ಸಡಿಲ ಕಟ್ಟಿ. ಶಾಲೆಗೆ ಹೋಗುವಾಗ ಬ್ಯಾಗಿನಲ್ಲಿ ಒಂದು ಲಂಗ, ಪ್ಯಾಡ್, ಕ್ರೀಮು. ಹೆಡ್‌ಮಾಸ್ಟರಿಗೆ ಪೂರ್ತಿ ಕತೆ ಹೇಳಬೇಕಿಲ್ಲ, 'ಹೊಟ್ಟೆ ಆಪರೇಷನ್, ಪಿರಿಯಡ್ ನಡುವೆ ಹೋಗಬೇಕಾಗುತ್ತದೆ' ಅಂದರೆ ಸಾಕು. ಆರು ವಾರ ಕೊಡ ಎತ್ತಬೇಡಿ, ಒದ್ದೆ ಬಟ್ಟೆಯ ಬುಟ್ಟಿ ಎತ್ತಬೇಡಿ. ಕೆಳಗಿನ ಸ್ನಾಯು ಬಿಗಿ ಹಿಡಿದು ಬಿಡುವ ವ್ಯಾಯಾಮ ಡಾಕ್ಟರ್ ಹೂಂ ಅಂದ ಮೇಲೆ ದಿನಾ ಮಾಡಿ, ತಡೆಯುವ ಶಕ್ತಿ ಬರುತ್ತದೆ.

ಗಂಡ ಹೆಂಡತಿ ಹತ್ತಿರ ಬರುವ ಬಗ್ಗೆ ಯಾರೂ ಕೇಳುವುದಿಲ್ಲ, ಯಾರೂ ಹೇಳುವುದೂ ಇಲ್ಲ. ಗಾಯ ಮಾಯ್ದ ಮೇಲೆ, ಡಾಕ್ಟರನ್ನು ಕೇಳಿ, ಅವಸರ ಇಲ್ಲದೆ. ಮೊದಮೊದಲು ನೋವು, ಸೋರುತ್ತದೇನೋ ಅನ್ನುವ ಭಯ ಎರಡೂ ಇರುತ್ತದೆ. ಅಣ್ಣಾ, ನೀವೇ ಕಾಯಿರಿ, ಅಕ್ಕ ಹೇಳಲಿ. ಮುಂದೆ ಮಕ್ಕಳು ಬೇಕು ಅಂತಿದ್ದರೆ ತಡಮಾಡದೆ ಸ್ತ್ರೀರೋಗ ತಜ್ಞರನ್ನು ನೋಡಿ. ಈ ಆಪರೇಷನ್ ಆದಮೇಲೆ ಒಳಗೆ ಅಂಟಿಕೊಂಡು ಗರ್ಭ ನಿಲ್ಲುವುದು ಕೆಲವರಿಗೆ ತಡವಾಗುತ್ತದೆ. ಆಗುವುದೇ ಇಲ್ಲ ಅಂತಲ್ಲ. ನನ್ನ ಮಗಳು ಈಗ ಪಕ್ಕದಲ್ಲೇ ಕೂತು ಮೊಬೈಲ್ ಎಳೆಯುತ್ತಿದ್ದಾಳೆ.

ಕಿರಾಣಿ ಅಂಗಡಿ, ಬಾಗಲಕೋಟೆ

ಎಲ್ಲ ಓದಿದೆವು, ಇಬ್ಬರೂ ಕೂತು. ಬಲ್ಬ್ ಹಾಕಿಸಿದೆ. ಓಆರ್‌ಎಸ್ ಶುರುವಾದ ಮೇಲೆ ಕಾಲು ಹಿಡಿಯುವುದು ಕಡಿಮೆಯಾಗಿದೆ. ಕ್ರೀಮೂ ತಂದಿದ್ದೇನೆ. ಅವ್ವ ಈಗಲೇ ಜರಡಿ ಹುಡುಕುತ್ತಿದ್ದಾಳೆ.

ಒಂದೇ ಒಂದು ಉಳಿಯಿತು. ಮುಂದಿನ ವಾರ ಚೆಕಪ್‌ಗೆ ಬೆಳಗಾವಿಗೆ ಹೋಗಬೇಕು. ಲೋಕಾಪುರ, ಯರಗಟ್ಟಿ ಮೇಲೆ ಬಸ್ಸಿನಲ್ಲಿ ಹೋದರೆ ಮೂರ್ನಾಲ್ಕು ಗಂಟೆ. ನೇರ ರೈಲಿಲ್ಲ. ಅವಳಿಗೆ ಅದೇ ಹೆದರಿಕೆ.

ಗುಮ್ಮಟದೂರಿನ ಅಕ್ಕ, ವಿಜಯಪುರ

ಬಸ್ಸು ಬೇಡ ತಮ್ಮಾ, ಈ ಒಂದು ಸಲಕ್ಕೆ ಪರಿಚಯದವರ ಕಾರು ನೋಡು. ನಿಲ್ಲಿಸು ಅಂದಲ್ಲಿ ನಿಲ್ಲಿಸುವ ಡ್ರೈವರ್ ಇದ್ದರೆ ಅರ್ಧ ಹೆದರಿಕೆ ಹೋಗುತ್ತದೆ. ಹೊರಡುವ ಮುಂಚೆ ಹೊಟ್ಟೆ ತುಂಬ ಉಣ್ಣಿಸಬೇಡ, ಹಾಗಂತ ಉಪವಾಸವೂ ಬೇಡ. ಖಾಲಿ ಹೊಟ್ಟೆಯಲ್ಲಿ ಗಾಳಿ ಜಾಸ್ತಿ, ನೀರು ನೀರಾಗಿ ಹೋಗುತ್ತದೆ. ಒಂದು ಹಿಡಿ ಮೊಸರನ್ನ, ಬಾಳೆಹಣ್ಣು. ಓಆರ್‌ಎಸ್ ಬಾಟಲಿಯಲ್ಲಿ ಕಲಸಿಕೊಂಡು ಗುಟುಕು ಗುಟುಕಾಗಿ ಕುಡಿಯಲಿ.

ಟಿಳಕವಾಡಿ ಹುಡುಗ

ಪೆಟ್ರೋಲ್ ಬಂಕ್‌ಗಳಲ್ಲಿ ಸಂಡಾಸ ಇರುತ್ತದೆ, ಬೀಗ ಹಾಕಿದ್ದರೆ ಕೀಲಿ ಕೇಳಿ, ಕೊಡುತ್ತಾರೆ. ಯರಗಟ್ಟಿಯಲ್ಲಿ ಅವಸರ ಇರಲಿ ಇಲ್ಲದಿರಲಿ ಒಮ್ಮೆ ನಿಲ್ಲಿಸಿ. ದಾರಿಗೆ ಅಂತ ಲೊಪೆರಮೈಡ್ ಒಂದು ಹೆಚ್ಚಿಗೆ ತಗೊಳ್ಳಬಹುದಾ ಅಂತ ಡಾಕ್ಟರಿಗೆ ಈಗಲೇ ಫೋನ್ ಮಾಡಿ ಕೇಳಿ. ನೀರಿನ ಬಾಟಲಿ ಎರಡು ಬೇರೆ ಇರಲಿ, ಕುಡಿಯಲು ಒಂದು, ತೊಳೆಯಲು ಒಂದು. ಆಸ್ಪತ್ರೆಯಲ್ಲಿ ಅಕ್ಕಾವರ ಹಾಳೆಗಳನ್ನು ಅಕ್ಕಾವರೇ ಡಾಕ್ಟರಿಗೆ ಕೊಡಲಿ, ನೀವು ಪಕ್ಕದಲ್ಲಿ ಕೂತಿರಿ. ಬಿಗಿ ಇದೆಯಾ ನೋಡಿ ಅಂತ, ಇಸಬಗೋಲ್ ಯಾವಾಗ ಅಂತ, ಶಾಲೆಗೆ ಯಾವಾಗ ಅಂತ ಮೂರು ಪ್ರಶ್ನೆ ಬರೆದುಕೊಂಡು ಹೋಗಿ. ಇಲ್ಲದಿದ್ದರೆ ಒಳಗೆ ಹೋದ ಮೇಲೆ ಮರೆತು ಹೋಗುತ್ತದೆ.